ಅಪ್ಪನ ಹಳೇ ಟಿಲ್ಲರ್: ಹ್ಯಾಂಡಲ್ ಹೊಡೆಯೋ ಮೊದಲು ಒಂದು ಮಣೆ ಹುಡುಕಿ ಇಟ್ಕೊಳ್ಳಿ

ನೀವು ಕೇಳಿರುವುದು ಇಷ್ಟು: ಅಪ್ಪ ಕೊಂಡಿದ್ದ ಮಿತ್ಸುಬಿಷಿ ಟಿಲ್ಲರ್ (ಕೈಯಲ್ಲಿ ಹಿಡಿದು ನಡೆಸುವ ಉಳುಮೆ ಯಂತ್ರ) 9 ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಇಂಜಿನ್ ಎಬ್ಬಿಸುವ ಹ್ಯಾಂಡಲ್ ತಿರುಗುತ್ತಿಲ್ಲ. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾನೆ. 2 ಎಕರೆ ಅಡಿಕೆ ತೋಟಕ್ಕೆ ಅದನ್ನು ಮತ್ತೆ ಎಬ್ಬಿಸಬಹುದಾ, ಇಲ್ಲಾ ಕೊಟ್ಟುಬಿಡಲಾ?

ಈಗಲೇ ಕೊಡಬೇಡಿ. ಒಂದು ವಾರ ತಡೆಯಿರಿ. ಗುಜರಿಯವನು ಎಲ್ಲೂ ಹೋಗುವುದಿಲ್ಲ.

ನಮ್ಮದು ಚನ್ನಗಿರಿ ತಾಲ್ಲೂಕು, ಸೂಳೆಕೆರೆ ಕಡೆ. ನಮ್ಮ ಮನೆಯ ಟಿಲ್ಲರ್ 11 ವರ್ಷ ನಿಂತಿತ್ತು, ಈಗ ಓಡುತ್ತಿದೆ. ಆದರೆ ಎಬ್ಬಿಸುವಾಗ ಎರಡು ತಪ್ಪು ಮಾಡಿದೆ. ಒಂದಕ್ಕೆ ದುಡ್ಡು ಹೋಯ್ತು, ಇನ್ನೊಂದಕ್ಕೆ ಪ್ರಾಣ ಹೋಗೋದರಲ್ಲಿತ್ತು.

ಮೊದಲನೇ ತಪ್ಪು: ತಿರುಗದ ಇಂಜಿನ್ನಿಗೆ ಇಬ್ಬರು ಸೇರಿ ಪೈಪ್ ಸಿಕ್ಕಿಸಿ ಬಲ ಹಾಕಿದ್ದು. ಇಂಜಿನ್ ಸುಮ್ನೆ ನಿಂತಾಗ ಪಿಸ್ಟನ್ ರಿಂಗು ಮತ್ತು ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ನಡುವೆ ತುಕ್ಕು ಕಟ್ಟಿ ಅಂಟಿಕೊಂಡಿರುತ್ತದೆ, ಅಷ್ಟೇ. ಅದನ್ನು ಬಲವಂತವಾಗಿ ತಿರುಗಿಸಿದರೆ ರಿಂಗು ಮುರಿದು ಲೈನರ್ ಗೀರಿ ಹೋಗುತ್ತದೆ. ನನ್ನದು ಹಾಗೇ ಆಯ್ತು. ಬಿಚ್ಚಿ ನೋಡಿದರೆ ಲೈನರ್ ಒಳಗೆ ಬೆಕ್ಕು ಪರಚಿದ ಹಾಗೆ ಉದ್ದಕ್ಕೂ ಗೆರೆ. ಲೈನರ್, ಪಿಸ್ಟನ್ ಎರಡೂ ಹೊಸದು ಹಾಕಿಸಬೇಕಾಯ್ತು.

ನೀವು ಹೀಗೆ ಮಾಡಿ. ನಾಜಲ್ (ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿಚ್ಚಿ ಆ ತೂತಿನಿಂದ ಡೀಸೆಲ್ ಮತ್ತು ಇಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ಬಿಡಿ. ಇಲ್ಲೊಂದು ಸೂಕ್ಷ್ಮ ಇದೆ. ಟಿಲ್ಲರ್ ಇಂಜಿನ್ನಿನ ಸಿಲಿಂಡರ್ ನಿಂತಿರುವುದಿಲ್ಲ, ಮಲಗಿರುತ್ತದೆ. ಬಿಟ್ಟ ಆಯಿಲ್ ಕೆಳಗಿನ ಪಕ್ಕಕ್ಕೆ ಮಾತ್ರ ಇಳಿದು, ಮೇಲಿನ ಅರ್ಧ ಒಣಗೇ ಇರುತ್ತದೆ. ಅದಕ್ಕೆ ಹೆಡ್ (ಸಿಲಿಂಡರಿನ ಮುಚ್ಚಳ) ಇರುವ ಕಡೆ ಮೇಲಾಗುವಂತೆ ಗಾಡಿಯನ್ನು ಎತ್ತಿ, ಕೆಳಗೆ ದಿಮ್ಮಿ ಕೊಡಿ. ನಾಲ್ಕೈದು ದಿನ ಬಿಡಿ. ದಿನಾ ಒಂದು ಸಲ ಡಿಕಂಪ್ರೆಷನ್ ಲಿವರ್ (ಸಿಲಿಂಡರಿನೊಳಗಿನ ಗಾಳಿಯ ಒತ್ತಡ ಬಿಡಿಸುವ ಹಿಡಿ) ಎತ್ತಿ ಹಿಡಿದು, ಫ್ಲೈವೀಲನ್ನು ಕೈಯಲ್ಲಿ ಆ ಕಡೆ ಈ ಕಡೆ ಅಲ್ಲಾಡಿಸಿ. ಒಂದು ಬೆರಳಿನಷ್ಟು ಅಲುಗಿದರೂ ಸಾಕು, ನಾಳೆ ಎರಡು ಬೆರಳು ಅಲುಗುತ್ತದೆ.

ಈ ಕಾಯುವ ದಿನಗಳಲ್ಲೇ ಕೊಡಬೇಕಾ ಇಟ್ಟುಕೊಳ್ಳಬೇಕಾ ಅನ್ನುವುದೂ ಗೊತ್ತಾಗುತ್ತದೆ. ಗೇರ್ ಬಾಕ್ಸಿನ ಕೆಳಗಿನ ಬೋಲ್ಟ್ ಸ್ವಲ್ಪ ಸಡಿಲಿಸಿ. ಆಯಿಲ್ ಕಪ್ಪಗೆ ಬಂದರೆ ಸಂತೋಷ. ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ ಬಂದರೆ ಒಳಗೆ ನೀರು ಹೋಗಿದೆ ಅಂತ. ಭದ್ರಾ ನಾಲೆ ಕೆಳಗೆ ಗದ್ದೆ ಕೆಸರು ಮಾಡಲು ಓಡಿಸಿದ ಗಾಡಿಗಳಲ್ಲಿ ಇದು ಮಾಮೂಲಿ. ಆಕ್ಸಲ್ಲಿನ ಆಯಿಲ್ ಸೀಲ್ ಸವೆದು ಕೆಸರುನೀರು ಒಳಗೆ ಸೇರುತ್ತದೆ. ಸೀಲ್ ಹೋದರೆ ಚಿಂತೆ ಇಲ್ಲ. ಗೇರಿನ ಹಲ್ಲು ಮುರಿದು, ಜೊತೆಗೆ ಇಂಜಿನ್ ಬ್ಲಾಕ್ ಕೂಡ ಸೀಳಿದ್ದರೆ ಆಗ ಗುಜರಿಯವನಿಗೆ ಫೋನ್ ಮಾಡಿ, ನಾನು ಬೇಡ ಅನ್ನುವುದಿಲ್ಲ.

ಬಿಡಿಭಾಗ ಸಿಗುತ್ತಾ ಅನ್ನುವ ಹೆದರಿಕೆ ಬೇಡ. ಜಪಾನಿನ ಟಿಲ್ಲರ್ ನಮ್ಮ ದೇಶಕ್ಕೆ ಬಂದದ್ದು 1960ರ ದಶಕದಲ್ಲಿ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಮಿತ್ಸುಬಿಷಿ ಜೊತೆ ಕೈಜೋಡಿಸಿ ಶುರುವಾಯ್ತು. ನಮ್ಮ ಹಳ್ಳಿಗಳಲ್ಲಿ ಟಿಲ್ಲರಿಗೆ ಇವತ್ತಿಗೂ 'ಮಿತ್ಸುಬಿಷಿ' ಅನ್ನುವುದು ಅದಕ್ಕೇ. ನನಗೆ ಬೇಕಾದ್ದೆಲ್ಲ ದಾವಣಗೆರೆಯಲ್ಲೇ ಸಿಕ್ಕಿತು. ಬೇರಿಂಗಿಗಂತೂ ಟಿಲ್ಲರ್ ಅಂಗಡಿಯೇ ಬೇಕು ಅಂತಿಲ್ಲ. ಹಳೇ ಬೇರಿಂಗಿನ ಪಕ್ಕ ಒರೆಸಿ ನೋಡಿ, ನಂಬರ್ ಕೊರೆದಿರುತ್ತದೆ. 6206 ಅಂತಿದ್ದರೆ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿ: 30 ಮಿಲಿಮೀಟರ್ ಶಾಫ್ಟಿನದ್ದು. ಅದೇ ನಂಬರಿನದು ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಆಯಿಲ್ ಸೀಲ್ ಮೇಲೂ ಅಳತೆ ಇರುತ್ತದೆ. ಹಳೇದನ್ನು ಬಿಸಾಡದೆ ಜೇಬಿನಲ್ಲಿ ಹಾಕಿಕೊಂಡು ಹೋಗಿ.

ಇಂಜಿನ್ ಬಿಟ್ಟುಕೊಂಡ ಮೇಲೆ ಡೀಸೆಲ್ ದಾರಿ ಪೂರ್ತಿ ಸ್ವಚ್ಛ ಆಗಬೇಕು. ಟ್ಯಾಂಕ್ ಕೆಳಗಿಳಿಸಿ. ಒಳಗೆ ಬೆಲ್ಲದ ಪಾಕದಂಥ ಅಂಟು ಇರುತ್ತದೆ. ಒಂದು ಹಿಡಿ ಜಲ್ಲಿಪುಡಿ, ಒಂದಿಷ್ಟು ಡೀಸೆಲ್ ಹಾಕಿ ಚೆನ್ನಾಗಿ ಕುಲುಕಿ ತೊಳೆಯಿರಿ, ಒಂದು ಕಲ್ಲೂ ಒಳಗೆ ಉಳಿಯಬಾರದು. ಫಿಲ್ಟರ್ ಹೊಸದು. ನಾಜಲನ್ನು ಪಂಪ್ ಕೆಲಸದವರ ಹತ್ತಿರ ಪ್ರೆಷರ್ ಹಾಕಿಸಿ ನೋಡಿಸಿ. ಡೀಸೆಲ್ ಮಂಜಿನ ಹಾಗೆ ಬರಬೇಕು, ಹನಿ ತೊಟ್ಟಿಕ್ಕಬಾರದು. ಮನೆಯಲ್ಲೇ ಪರೀಕ್ಷೆ ಮಾಡುವವರು ದಯವಿಟ್ಟು ಅದರ ಮುಂದೆ ಕೈ ಹಿಡಿಯಬೇಡಿ. ಆ ರಭಸಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಈಗ ಎರಡನೇ ತಪ್ಪು. ಇದನ್ನ ಹೇಳಬೇಕು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಟ್ಯಾಂಕ್, ಫಿಲ್ಟರ್, ನಾಜಲ್ ಎಲ್ಲ ನೋಡಿ, ಡೀಸೆಲ್ ಪಂಪ್ ಮಾತ್ರ ಬಿಟ್ಟೆ. ಮುಂಚೆ ಚೆನ್ನಾಗಿತ್ತಲ್ಲ, ಯಾಕೆ ಬಿಚ್ಚೋದು ಅಂತ. ಹಳೇ ಡೀಸೆಲ್ ಅಂಟಾಗಿ, ಎಷ್ಟು ಡೀಸೆಲ್ ಹೋಗಬೇಕು ಅಂತ ಹಿಡಿತದಲ್ಲಿಡುವ ಪಂಪಿನೊಳಗಿನ ಸರಳು, ಅಂದರೆ ರ‍್ಯಾಕ್ ಹಿಡಿದುಕೊಂಡಿತ್ತು, ಅದೂ ಫುಲ್ ಡೀಸೆಲ್ ಕೊಡುವ ಜಾಗದಲ್ಲಿ. ನಾಲ್ಕನೇ ಹ್ಯಾಂಡಲಿಗೆ ಇಂಜಿನ್ ಎದ್ದಿತು. ನಾವೆಲ್ಲ ನಗುತ್ತಿದ್ದೆವು. ಸದ್ದು ಏರಿತು, ಇನ್ನೂ ಏರಿತು. ಎಕ್ಸಲೇಟರ್ ಪೂರ್ತಿ ಇಳಿಸಿದೆ, ಕೇಳಲಿಲ್ಲ. ಟ್ಯಾಂಕಿನ ಕಾಕ್ ಮುಚ್ಚಿದೆ, ಪೈಪು ಫಿಲ್ಟರಿನಲ್ಲಿ ಉಳಿದ ಡೀಸೆಲ್ ಸಾಕಾಗಿತ್ತು ಅದಕ್ಕೆ. ಗಾಡಿ ಕುಣಿಯುತ್ತಾ ಕೊಟ್ಟಿಗೆಯ ಗೋಡೆ ಕಡೆ ಸರಿಯಿತು. ಮಾವ ಓಡಿ ಹೋದರು. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿ ಹಾಗೆ ಕಿಡಿ ಇಲ್ಲ, ಕೀ ತಿರುಗಿಸಿ ನಿಲ್ಲಿಸೋಕೆ. ಡೀಸೆಲ್ ನಿಲ್ಲಬೇಕು ಇಲ್ಲಾ ಗಾಳಿ ನಿಲ್ಲಬೇಕು. ನನ್ನ ಅದೃಷ್ಟಕ್ಕೆ ಏರ್ ಕ್ಲೀನರ್ ತುಂಬಾ ಕಣಜ ಗೂಡು ಕಟ್ಟಿದ್ದರಿಂದ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದೆ, ಗಾಳಿಪೈಪಿನ ಬಾಯಿ ತೆರೆದಿತ್ತು. ಅಮ್ಮ ಕೂತು ಅಡಿಕೆ ಆರಿಸುತ್ತಿದ್ದ ಮಣೆ ಕೈಗೆ ಸಿಕ್ಕಿತು. ಅದನ್ನು ಪೈಪಿನ ಬಾಯಿಗೆ ಒತ್ತಿ ಹಿಡಿದೆ. ಎರಡು ಮೂರು ಸೆಕೆಂಡಿನಲ್ಲಿ ಉಸಿರು ಕಟ್ಟಿ ನಿಂತಿತು. ಮಣೆ ಮೇಲೆ ದುಂಡಗೆ ಒಂದು ಕಪ್ಪು ಗುರುತು ಇವತ್ತಿಗೂ ಇದೆ. ಅಮ್ಮ ಅದರ ಮೇಲೆ ಕೂರುವುದಿಲ್ಲ.

ಹಾಗಾಗಿ ಪಂಪ್ ಕಳಚಿ, ರ‍್ಯಾಕ್ ಬೆರಳಿಗೆ ಸರಾಗವಾಗಿ ಓಡಾಡುತ್ತದಾ ನೋಡಿ, ಆಮೇಲೆ ಕೂರಿಸಿ. ಮೊದಲನೇ ಸಲ ಎಬ್ಬಿಸುವಾಗ ಏರ್ ಕ್ಲೀನರ್ ಬಿಚ್ಚಿಟ್ಟು, ಗಟ್ಟಿ ಹಲಗೆಯೊಂದನ್ನು ಕೈಯಲ್ಲಿ ಹಿಡಿದು ಒಬ್ಬರು ಪಕ್ಕದಲ್ಲಿ ನಿಲ್ಲಲಿ. ಬಟ್ಟೆ ಬೇಡ, ಒಳಗೆ ಎಳೆದುಕೊಳ್ಳುತ್ತದೆ. ಕೈಯಂತೂ ಬೇಡವೇ ಬೇಡ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇರಲಿ. ಸುತ್ತಿ ಹಿಡಿದರೆ, ಇಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳು ಹೋಗುತ್ತದೆ.

ಎದ್ದ ಮೇಲಿನದು ಸಣ್ಣ ಕೆಲಸ. ಬೆಲ್ಟುಗಳನ್ನು ಸೆಟ್ಟಾಗಿಯೇ ಬದಲಿಸಿ. ಒಂದು ಹೊಸದು, ಉಳಿದದ್ದು ಹಳೇದು ಹಾಕಿದರೆ ಭಾರವೆಲ್ಲ ಹೊಸದರ ಮೇಲೆ ಬಿದ್ದು ಅದೇ ಮೊದಲು ಹೋಗುತ್ತದೆ. ರೇಡಿಯೇಟರಿಗೆ ಬೋರ್ ನೀರು ಬೇಡ. ನಮ್ಮ ಕಡೆಯ ಬೋರ್ ನೀರು ಪಾತ್ರೆಯಲ್ಲೇ ಬಿಳಿ ಪದರ ಕಟ್ಟುತ್ತದೆ, ಇಂಜಿನ್ನನ್ನು ಬಿಡುತ್ತದಾ? ಮಳೆನೀರು ಹಿಡಿದಿಟ್ಟು ಹಾಕಿ. ಪೇಂಟ್ ಕೊನೆಗೆ, ಅದೂ ಇಂಜಿನ್ ನಂಬರಿನ ಮೇಲೆ ಬಳಿಯಬೇಡಿ. ನನಗೆ ಎಲ್ಲಾ ಸೇರಿ 31,000 ಖರ್ಚಾಯ್ತು, ಅದರಲ್ಲಿ ಒಂದು ದೊಡ್ಡ ಪಾಲು ಮೊದಲನೇ ತಪ್ಪಿನದು.

ತೋಟಕ್ಕೆ ಆಗುತ್ತಾ ಅಂದಿರಿ. 9 ಅಡಿಗೊಂದು ಅಡಿಕೆ ಮರ ಇರುವ ತೋಟದಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗಿಸುವುದು ಕಷ್ಟ, ಟಿಲ್ಲರ್ ಆರಾಮಾಗಿ ಹೋಗುತ್ತದೆ. ಆದರೆ ಬೆಳೆದ ತೋಟದಲ್ಲಿ ರೋಟರಿ ಇಳಿಸುವುದು ನನಗಂತೂ ಇಷ್ಟವಿಲ್ಲ. ಅಡಿಕೆಯ ಉಣ್ಣುವ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಬ್ಲೇಡು ಅದನ್ನೇ ಕತ್ತರಿಸುತ್ತದೆ. ಹೊಸ ತೋಟದ ಸಾಲಿನ ನಡುವೆ ಮೇಲುಮೇಲೆ ಹೊಡೆಯಿರಿ. ಹಳೇ ತೋಟದಲ್ಲಿ ಟ್ರೈಲರ್ ಸಿಕ್ಕಿಸಿ ಗೊಬ್ಬರ, ಸೋಗೆ, ಗೊನೆ ಸಾಗಿಸಿ. ನಮ್ಮದು ಈಗ ಮಾಡುತ್ತಿರುವುದು ಅದನ್ನೇ.

ಟ್ರೈಲರ್ ಅಂದಾಗ ಇನ್ನೊಂದು. ನೀವು ಚಿಕ್ಕವರಿದ್ದಾಗ ಅಪ್ಪ ಓಡಿಸಿದ್ದನ್ನು ನೋಡಿರಬಹುದು, ನೀವೇ ಓಡಿಸಿರಲಿಕ್ಕಿಲ್ಲ ಅಲ್ವಾ? ಸಮ ನೆಲದಲ್ಲಿ ಎಡಗಡೆ ಸೈಡ್ ಕ್ಲಚ್ (ಆ ಬದಿಯ ಗಾಲಿಗೆ ಇಂಜಿನ್ನಿನ ಬಲ ತಪ್ಪಿಸುವ ಹಿಡಿ) ಹಿಡಿದರೆ ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಭಾರ ಹಿಂದಿನಿಂದ ತಳ್ಳುವಾಗ ಅದೇ ಎಡಗಡೆ ಹಿಡಿದರೆ ಬಲಕ್ಕೆ ತಿರುಗುತ್ತದೆ. ಎಡಗಾಲಿ ಸ್ವತಂತ್ರವಾಗಿ ಜೋರಾಗಿ ಉರುಳುತ್ತದೆ, ಬಲಗಾಲಿಯನ್ನು ಇಂಜಿನ್ ಹಿಡಿದಿರುತ್ತದೆ, ಅದಕ್ಕೆ. ಕೆರೆ ಏರಿಯಂಥ ಕಡೆ ಇಳಿಯುವಾಗ ಸೈಡ್ ಕ್ಲಚ್ ಮುಟ್ಟಲೇಬೇಡಿ. ಸಣ್ಣ ಗೇರಿನಲ್ಲಿ, ಹಿಡಿಯನ್ನು ಕೈಯಿಂದಲೇ ಒತ್ತಿ ತಿರುಗಿಸಿ. ಮೊದಲ ವಾರ ಖಾಲಿ ಟ್ರೈಲರಿನಲ್ಲಿ ಮನೆ ಹಿಂದಿನ ಇಳಿಜಾರಲ್ಲೇ ಕಲಿಯಿರಿ.

ನಾಳೆ ನಾಜಲ್ ಬಿಚ್ಚಿ ಆಯಿಲ್ ಬಿಡಿ. ಐದು ದಿನದ ಮೇಲೂ ಫ್ಲೈವೀಲ್ ಅಲುಗದಿದ್ದರೆ ಇಲ್ಲೇ ಬರೆಯಿರಿ, ಹೆಡ್ ಬಿಚ್ಚುವುದು ಹೇಗೆ ಅಂತ ಹೇಳುತ್ತೇನೆ.