ರಿಮ್ಯಾಪ್ ಮಾಡಿಸಿದ ಗಾಡಿಗೆ ವಾರಂಟಿ ಸಿಗುತ್ತಾ?

ಪ್ರಶ್ನೆ: ಸರ್, ನನ್ನದು 2022ರ ಡೀಸೆಲ್ ಎಸ್‌ಯುವಿ. ಹದಿನಾಲ್ಕು ಲಕ್ಷ ಕೊಟ್ಟು ತಗೊಂಡಿದ್ದು. ಎಕ್ಸ್‌ಟೆಂಡೆಡ್ ವಾರಂಟಿ ಇತ್ತು. ಬೆಂಗಳೂರಿನಲ್ಲಿ ಇಸಿಯು (ಎಂಜಿನ್ ಕಂಪ್ಯೂಟರ್) ರಿಮ್ಯಾಪ್ ಮಾಡಿಸಿ, ಅಂದರೆ ಪವರ್ ಹೆಚ್ಚಿಸಲು ಅದರ ಸಾಫ್ಟ್‌ವೇರ್ ಬದಲಿಸಿ, ಕೋನ್ ಏರ್ ಫಿಲ್ಟರ್ ಹಾಕಿಸಿದೆ. ಮುಂದೆ ಎಲ್‌ಇಡಿ ಬಾರ್ ಇದೆ. ದಿನಾ ಗದಗ-ಹುಬ್ಬಳ್ಳಿ ಓಡಾಟ. ಕೆಲವು ತಿಂಗಳಿಂದ ಚೆಕ್ ಎಂಜಿನ್ ಲೈಟ್ ಬರುತ್ತದೆ, ಪಿಕಪ್ ಸತ್ತು ಹೋಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಸರ್ವಿಸ್ ಸೆಂಟರಿನವರು ಎರಡು ಸಲ ದೋಷದ ಕೋಡ್ ಅಳಿಸಿ ಕಳಿಸಿದರು. ಈಗ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತುವ ಭಾಗ) ಹೋಗಿದೆ, ಗಾಡಿ ಮಾಡಿಫೈ ಆಗಿದೆ, ವಾರಂಟಿ ಪೂರ್ತಿ ಕ್ಯಾನ್ಸಲ್ ಅನ್ನುತ್ತಿದ್ದಾರೆ. ಹೋಗುವ ಮೊದಲು ಮ್ಯಾಪ್ ವಾಪಸ್ ಸ್ಟಾಕ್ (ಕಂಪನಿಯದು) ಮಾಡಿಸಿದ್ದೆ, ಆದರೂ ಅವರಿಗೆ ಗೊತ್ತಾಗಿದೆ. ಏನು ಮಾಡಲಿ?
– ಓದುಗರು, ಗದಗ

ಉತ್ತರ: ಟರ್ಬೊ ಕ್ಲೇಮ್ ಗೆಲ್ಲುವುದು ನಿಮಗೆ ಕಷ್ಟ. ಆದರೆ ‘ವಾರಂಟಿ ಪೂರ್ತಿ ಕ್ಯಾನ್ಸಲ್’ ಅನ್ನುವುದು ಬೇರೆಯೇ ಮಾತು. ಅದನ್ನು ಕೌಂಟರಿನಲ್ಲಿ ಬಾಯಿಮಾತಾಗಿ ಕೇಳಿ ಸುಮ್ನೆ ಮನೆಗೆ ಬರಬೇಡಿ.

ಮೊದಲು ಅವರಿಗೆ ಹೇಗೆ ಗೊತ್ತಾಯಿತು ಅಂತ ನೋಡೋಣ. ಇಸಿಯು ಒಳಗಿನ ಸಾಫ್ಟ್‌ವೇರಿಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ಕಂಪನಿಯ ಸ್ಕ್ಯಾನರ್ ಅದನ್ನು ತಾಳೆ ನೋಡುತ್ತದೆ. ಎಷ್ಟು ಸಲ ಹೊಸ ಸಾಫ್ಟ್‌ವೇರ್ ಹಾಕಿದ್ದಾರೆ ಎಂಬ ಲೆಕ್ಕವೂ ಹಲವು ಗಾಡಿಗಳಲ್ಲಿ ಉಳಿಯುತ್ತದೆ. ಹಳೇ ಮ್ಯಾಪ್ ವಾಪಸ್ ಹಾಕಿದರೂ ಆ ಲೆಕ್ಕ ಹಿಂದೆ ಹೋಗುವುದಿಲ್ಲ, ಇನ್ನೊಂದು ಹೆಚ್ಚಾಗುತ್ತದೆ ಅಷ್ಟೇ. ಹಾಗಾಗಿ ಮುಚ್ಚಿಡುವ ಆಟ ಬಿಟ್ಟುಬಿಡಿ. ಮುಂದೆ ಗ್ರಾಹಕ ಆಯೋಗದ ಎದುರು ಹೋಗುವ ಪ್ರಸಂಗ ಬಂದರೆ, ‘ಇವರು ನಮಗೆ ಸುಳ್ಳು ಹೇಳಿದ್ದರು’ ಎಂಬ ಒಂದು ಮಾತೇ ನಿಮ್ಮನ್ನು ಕೆಡಿಸುತ್ತದೆ.

ಈಗ ಟರ್ಬೊ. ‘ಹೋಗಿದೆ’ ಅಂದರೆ ಸಾಲದು. ಹೇಗೆ ಹೋಗಿದೆ? ಅದನ್ನು ನಿಮ್ಮ ಎದುರೇ ಬಿಚ್ಚಲು ಹೇಳಿ, ಫೋಟೋ ತೆಗೆದುಕೊಳ್ಳಿ. ಗಾಳಿ ಎಳೆಯುವ ಬದಿಯ ಚಕ್ರದ ಎಲೆಗಳ ಅಂಚು ಸವೆದು ಮೊಂಡಾಗಿದ್ದರೆ ಅದು ಧೂಳಿನ ಕೆಲಸ. ನಿಮ್ಮ ಕೋನ್ ಫಿಲ್ಟರಿನ ಮೇಲೆ ನನಗೆ ಇರುವ ದೊಡ್ಡ ಅನುಮಾನ ಇದೇ. ಅಣ್ಣಿಗೇರಿ ಕಡೆಯ ಎರೆ ಹೊಲಗಳಲ್ಲಿ ಕಡಲೆ ರಾಶಿ ನಡೆಯುವ ದಿನಗಳಲ್ಲಿ ರಸ್ತೆ ಮೇಲೆ ಎಂಥ ಧೂಳು ಏಳುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಬಾನೆಟ್ ಒಳಗೆ ಬರಿ ಮೈಯಲ್ಲಿ ಕೂತ ಕೋನ್ ಫಿಲ್ಟರ್ ಆ ಹಿಟ್ಟಿನಂಥ ಧೂಳನ್ನು ಕಂಪನಿಯ ಪೇಪರ್ ಫಿಲ್ಟರಿನಷ್ಟು ತಡೆಯುವುದಿಲ್ಲ. ಜೊತೆಗೆ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಎಣ್ಣೆ ಸವರುವ ಕಾಟನ್ ಫಿಲ್ಟರ್ ಆಗಿದ್ದರೆ ಇನ್ನೊಂದು ತಲೆನೋವು: ಎಣ್ಣೆ ಜಾಸ್ತಿಯಾದರೆ ಅದು ಏರ್‌ಫ್ಲೋ ಸೆನ್ಸರ್ ಮೇಲೆ ಕೂರುತ್ತದೆ, ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಲೈಟ್ ಬರುತ್ತದೆ. ಸದ್ದು ಚೆನ್ನಾಗಿರುತ್ತದೆ ಅನ್ನುವುದನ್ನು ಬಿಟ್ಟರೆ ನಮ್ಮ ಭಾಗದಲ್ಲಿ ಈ ಫಿಲ್ಟರಿನಿಂದ ಏನು ಲಾಭ ಅಂತ ನನಗಿನ್ನೂ ಅರ್ಥವಾಗಿಲ್ಲ.

ಎಲೆಗಳು ಚೆನ್ನಾಗಿದ್ದು, ನಡುವಿನ ಬೇರಿಂಗ್ ಸವೆದು ಶಾಫ್ಟ್ ಅಲ್ಲಾಡುತ್ತಿದ್ದರೆ ಆಯಿಲ್ ಕಡೆ ನೋಡಬೇಕು. ಆಯಿಲ್ ಸಮಯಕ್ಕೆ ಬದಲಾಗಿದೆಯೇ, ಆಯಿಲ್ ಬರುವ ಪೈಪ್ ಕಟ್ಟಿಕೊಂಡಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಶಾಫ್ಟ್ ಬಿಸಿಗೆ ನೀಲಿ ತಿರುಗಿದ್ದರೆ ಆಯಿಲ್ ಸಾಲದೆ ಅಥವಾ ಶಾಖ ಮೀರಿ ಹೀಗಾಗಿದೆ. ಅಲ್ಲಿ ರಿಮ್ಯಾಪ್ ಕಡೆಗೂ ಬೆರಳು ಹೋಗುತ್ತದೆ. ಆದರೆ ಮೂರನೆಯ ಸಾಧ್ಯತೆ ಒಂದಿದೆ. ಟರ್ಬೊದ ಒಳಗಿನ ರೆಕ್ಕೆಗಳು ಮತ್ತು ಅವನ್ನು ತಿರುಗಿಸುವ ಆಕ್ಚುಯೇಟರ್ ಮಸಿ ಕೂತು ಅಂಟಿಕೊಳ್ಳುತ್ತವೆ. ಇದು ಏನೂ ಮಾಡಿಸದ ಗಾಡಿಗಳಲ್ಲೂ ಆಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿ ಹೋಗುತ್ತದೆ ಅಂತ ಬರೆದಿದ್ದೀರಲ್ಲ, ಆ ಲಕ್ಷಣ ಇದಕ್ಕೂ ಹೊಂದುತ್ತದೆ.

ಇನ್ನೂ ಸಣ್ಣ ಕಾರಣಗಳಿವೆ. ಇಂಟರ್‌ಕೂಲರ್ ಹೋಸ್ ಸೀಳಿದ್ದರೆ, ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದರೆ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಅಳೆಯುವ ಸೆನ್ಸರ್ ಮಸಿ ಹಿಡಿದಿದ್ದರೆ ಕೂಡ ಪಿ0299 ಎಂಬ ಕೋಡ್ ಬರುತ್ತದೆ. ಅದರರ್ಥ ‘ಬೂಸ್ಟ್ ಕಡಿಮೆ’ ಅಂತ ಮಾತ್ರ, ‘ಟರ್ಬೊ ಹೋಗಿದೆ’ ಅಂತಲ್ಲ. ಕೋಡ್ ಅಳಿಸಿ ಕಳಿಸಿದ್ದು ರಿಪೇರಿ ಅಲ್ಲವೇ ಅಲ್ಲ. ಲೈಟ್ ಬಂದ ಕ್ಷಣದಲ್ಲಿ ಎಂಜಿನ್ ಎಷ್ಟು ಸ್ಪೀಡಿನಲ್ಲಿತ್ತು, ಎಷ್ಟು ಬಿಸಿಯಿತ್ತು ಎಂಬ ಮಾಹಿತಿಯನ್ನು ಇಸಿಯು ಕೋಡ್ ಜೊತೆ ಹಿಡಿದಿಟ್ಟಿರುತ್ತದೆ. ಅಳಿಸಿದಾಗ ಅದೂ ಹೋಗುತ್ತದೆ. ಮುಂದಿನ ಸಲ ಅಳಿಸುವ ಮೊದಲು ಪ್ರಿಂಟ್ ಕೇಳಿ. ಬ್ಯಾಟರಿ ಕೇಬಲ್ ಬಿಚ್ಚುವ ಕೆಲಸವನ್ನೂ ಮಾಡಬೇಡಿ.

ಇನ್ನು ವಾರಂಟಿಯ ಕಡೆ. ವಾರಂಟಿ ಪುಸ್ತಕದ ಹಿಂದಿನ ಪುಟಗಳನ್ನು ಒಮ್ಮೆ ಕೂತು ಓದಿ. ಎಕ್ಸ್‌ಟೆಂಡೆಡ್ ವಾರಂಟಿಯ ಷರತ್ತು ಬೇರೆ ಇರುತ್ತದೆ, ಅದನ್ನೂ ನೋಡಿ. ‘ಮಾರ್ಪಾಡಿನಿಂದ ಆದ ಹಾನಿಗೆ ವಾರಂಟಿ ಇಲ್ಲ’ ಅಂತ ಬರೆದಿದ್ದರೆ ಒಂದು ಅರ್ಥ. ‘ಮಾರ್ಪಾಡು ಮಾಡಿದ ವಾಹನಕ್ಕೆ ವಾರಂಟಿ ಇಲ್ಲ’ ಅಂತ ಇದ್ದರೆ ಬೇರೆ ಅರ್ಥ. ಮೊದಲನೆಯದಾದರೆ ನಿಮ್ಮ ಕೈ ಗಟ್ಟಿ. ರಿಮ್ಯಾಪಿಗೂ ಪವರ್ ವಿಂಡೋ ಮೋಟರಿಗೂ ಏನು ಸಂಬಂಧ? ಎಲ್‌ಇಡಿ ಬಾರಿಗೂ ಸ್ಟೀರಿಂಗ್ ರ್‍ಯಾಕಿಗೂ? ಎಸಿ ಕಂಪ್ರೆಸರ್, ಸಸ್ಪೆನ್ಷನ್, ಗೇಜ್ ಮೀಟರ್ ಇವಕ್ಕೆಲ್ಲ ಕ್ಲೇಮ್ ಮಾಡಿ. ಬಾರಿನ ವೈರ್ ಕಂಪನಿಯ ಹಾರ್ನೆಸ್ ಕತ್ತರಿಸಿ ಜೋಡಿಸಿದ್ದರೆ ಮಾತ್ರ ವೈರಿಂಗ್ ವಿಷಯದಲ್ಲಿ ಬಾಯಿ ಬಿಡುವ ಹಾಗಿಲ್ಲ.

ಇದೇ ಬಗೆಯ ಯೋಚನೆ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳ ಮೇಲೆ ಹೊರಡಿಸಿದ ಆದೇಶದಲ್ಲಿದೆ. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಹಾಕಬೇಡಿ, ಆ ರಿಪೇರಿಯಿಂದ ಕೆಟ್ಟ ಭಾಗದ ಮಟ್ಟಿಗೆ ಮಾತ್ರ ವಾರಂಟಿ ತೆಗೆಯಿರಿ ಅಂತ ಆಯೋಗ ಹೇಳಿತ್ತು. ಅದು ಹೊರಗಿನ ರಿಪೇರಿಯ ಬಗ್ಗೆ, ರಿಮ್ಯಾಪ್ ಬಗ್ಗೆ ಅಲ್ಲ. ಕಂಪನಿಗಳು ಅದರ ಮೇಲೆ ಮೇಲ್ಮನವಿಗೂ ಹೋದವು. ಹಾಗಾಗಿ ಅದನ್ನು ಕೌಂಟರಿನಲ್ಲಿ ಬೀಸಿ ಪ್ರಯೋಜನ ಇಲ್ಲ. ಆದರೆ ‘ಯಾವ ಬದಲಾವಣೆಯಿಂದ ಯಾವ ಭಾಗ ಹೇಗೆ ಕೆಟ್ಟಿತು?’ ಎಂದು ಕೇಳುವ ದಾರಿ ಅದೇ. ಈ ಪ್ರಶ್ನೆಯನ್ನು ಇಮೇಲಿನಲ್ಲಿ ಕೇಳಿ. ಡೀಲರಿಗೂ ಕಂಪನಿಯ ಕಸ್ಟಮರ್ ಕೇರಿಗೂ ಒಟ್ಟಿಗೆ ಕಳಿಸಿ. ಉತ್ತರ ಬರಹದಲ್ಲಿ ಬರಲಿ.

ಗಾಡಿ ಬಿಟ್ಟಾಗ ಸರ್ವಿಸಿನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡ್ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ, ಯಾಕಂದರೆ ಹೆಚ್ಚಿನ ಕೇಸುಗಳು ಇಲ್ಲಿಯೇ ಸೋಲುತ್ತವೆ. ಅಡ್ವೈಸರ್ ‘ಜನರಲ್ ಚೆಕಪ್’ ಅಂತ ಬರೆದುಕೊಂಡರೆ ನಿಮ್ಮ ಸಮಸ್ಯೆ ದಾಖಲೆಯಲ್ಲಿ ಇರುವುದೇ ಇಲ್ಲ. ‘ಎಂಬತ್ತರ ಸ್ಪೀಡಿನಲ್ಲಿ ಪಿಕಪ್ ಹೋಯಿತು, ಲೈಟ್ ಬಂತು’ ಅಂತ ನಿಮ್ಮ ಮಾತಿನಲ್ಲೇ ಬರೆಸಿ. ಕಿಲೋಮೀಟರ್ ಸರಿಯಿದೆಯೇ ನೋಡಿ, ಆಮೇಲೆ ಸಹಿ ಹಾಕಿ. ಗಾಡಿ ವಾಪಸ್ ಕೊಡುವಾಗ ಏನು ಕೆಲಸ ಮಾಡಿದರು ಅಂತ ಬರೆದ ಕಾಪಿ ಬೇಕೇ ಬೇಕು. ವಾಟ್ಸಾಪಿನಲ್ಲಿ ಬಂದ ಬಿಲ್ಲನ್ನೂ ಅಳಿಸಬೇಡಿ. ಒಂದೇ ದೂರು ಬೇರೆ ಬೇರೆ ತಾರೀಖಿನ ಜಾಬ್ ಕಾರ್ಡುಗಳಲ್ಲಿ ಇದ್ದರೆ, ರಿಮ್ಯಾಪಿಗೆ ಮೊದಲೇ ಒಂದು ಸಲ ಬಂದಿದ್ದರಂತೂ, ನಿಮ್ಮ ಬಳಿ ಇರುವ ಅತಿ ದೊಡ್ಡ ಸಾಕ್ಷಿ ಅದೇ.

ಇಷ್ಟಾದರೂ ಬಗೆಹರಿಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಊರಿನಲ್ಲೇ ದೂರು ಕೊಡಬಹುದು. ಡೀಲರ್ ಹುಬ್ಬಳ್ಳಿಯಲ್ಲಿದ್ದಾನೆ ಅಂತ ನೀವು ಧಾರವಾಡಕ್ಕೆ ಅಲೆಯಬೇಕಿಲ್ಲ, ಗದಗಿನಲ್ಲೇ ಆಗುತ್ತದೆ. ನಿಮ್ಮ ಗಾಡಿಯ ಬೆಲೆಗೆ ಫೀಸು 400 ರೂಪಾಯಿ. ವಕೀಲರು ಬೇಕೆಂದೇನೂ ಇಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಆದರೆ ತಯಾರಿಕೆಯ ದೋಷ ಅಂತ ವಾದಿಸಲು ತಜ್ಞರ ವರದಿ ಇಲ್ಲದೆ ಕೇಸು ನಿಲ್ಲುವುದು ಕಷ್ಟ. ಹೊಸ ಗಾಡಿಯೇ ಕೊಡಿಸಿ ಅಂತ ಕೇಳಲೂ ಹೋಗಬೇಡಿ. ವಾರಂಟಿಯಲ್ಲಿ ದೋಷದ ಭಾಗವನ್ನು ಬದಲಿಸುವ ಹೊಣೆ ಇದ್ದರೆ ಇಡೀ ಕಾರು ಬದಲಿಸಿ ಅನ್ನಲಾಗದು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಹೇಳಿದೆ. ಕೆಟ್ಟ ಭಾಗದ ಖರ್ಚು ಕೇಳಿ. ಅದು ನ್ಯಾಯವಾದ ಬೇಡಿಕೆ.

ಟರ್ಬೊ ಎಲೆ ಸವೆದಿದ್ದರೆ ಮಾತ್ರ ಇದೆಲ್ಲ ಬಿಟ್ಟು, ನಿಮ್ಮ ದುಡ್ಡಿನಲ್ಲೇ ಮಾಡಿಸಿ, ಕಂಪನಿ ಫಿಲ್ಟರ್ ಬಾಕ್ಸ್ ವಾಪಸ್ ಹಾಕಿಸಿ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ನಮ್ಮದು. ಪೆಟ್ರೋಲ್ ಕಾರಿಗೆ ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದೆವು. ಈಗ ಗ್ಯಾಸಿನಲ್ಲಿ ಓಡುವಾಗ ಜರ್ಕ್ ಹೊಡೆಯುತ್ತದೆ. ವಾರಂಟಿ ಕೇಳಬಹುದೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಜರ್ಕಿಗೆ ಕಂಪನಿಯನ್ನು ಕೇಳಬೇಡಿ, ಕಿಟ್ ಹಾಕಿದವರನ್ನು ಕೇಳಿ. ಕಿಟ್ಟಿಗೂ ಅದರದೇ ವಾರಂಟಿ ಇರುತ್ತದೆ. ಗ್ಯಾಸನ್ನು ಹೊತ್ತಿಸಲು ಪೆಟ್ರೋಲಿಗಿಂತ ಗಟ್ಟಿ ಕಿಡಿ ಬೇಕು. ಪ್ಲಗ್ ಸವೆದಿದ್ದರೆ, ಕಾಯಿಲ್ ಸೊರಗಿದ್ದರೆ ಪೆಟ್ರೋಲಿನಲ್ಲಿ ಗೊತ್ತಾಗುವುದಿಲ್ಲ, ಗ್ಯಾಸಿನಲ್ಲಿ ತಕ್ಷಣ ಗೊತ್ತಾಗುತ್ತದೆ. ಮೊದಲು ಪ್ಲಗ್ ಬದಲಿಸಿ ನೋಡಿ. ಆಮೇಲೆ ಗ್ಯಾಸ್ ಫಿಲ್ಟರ್, ಆಮೇಲೆ ಟ್ಯೂನಿಂಗ್.

ನನಗೆ ಜರ್ಕಿಗಿಂತ ದೊಡ್ಡ ಚಿಂತೆ ನಿಮ್ಮ ಆರ್‌ಸಿ. ಕಿಟ್ ಹಾಕಿಸಿದ್ದನ್ನು ಆರ್‌ಟಿಒದಲ್ಲಿ ಬರೆಸಿದ್ದೀರಾ? ಅದರ ಬಗ್ಗೆ ನೀವು ಏನೂ ಹೇಳಿಲ್ಲ. ಬರೆಸದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇನ್ಶೂರೆನ್ಸ್ ಪಾಲಿಸಿಯಲ್ಲೂ ಕಿಟ್ ಸೇರಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ಕ್ಲೇಮ್ ತಿರಸ್ಕರಿಸಲು ಅವರಿಗೆ ನೀವೇ ಕಾರಣ ಕೊಟ್ಟಂತೆ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ.

ಪ್ರಶ್ನೆ: ನಾನು ಏನೂ ಮಾಡಿಫೈ ಮಾಡಿಸಿಲ್ಲ. ಬಿಎಸ್6 ಡೀಸೆಲ್ ಕಾರು. ಸಪ್ತಾಪುರದಿಂದ ಶಾಲೆಗೆ, ಶಾಲೆಯಿಂದ ಮನೆಗೆ ಅಷ್ಟೇ ಓಡಾಟ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಮತ್ತೆ ಮತ್ತೆ ಬರುತ್ತದೆ. ‘ಮೇಡಂ, ನೀವು ಓಡಿಸುವ ರೀತಿ ಸರಿಯಿಲ್ಲ’ ಅನ್ನುತ್ತಾರೆ.
– ಶಿಕ್ಷಕಿ, ಧಾರವಾಡ

ಉತ್ತರ: ಹೇಳಿದ ರೀತಿ ಸರಿಯಿಲ್ಲ, ಹೇಳಿದ್ದರಲ್ಲಿ ಅರ್ಧ ನಿಜ. ಡಿಪಿಎಫ್ ಹಿಡಿದ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ನಿಮ್ಮ ಓಡಾಟದಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಶಾಲೆ ಬಂದುಬಿಡುತ್ತದೆ. ಲೈಟ್ ಬಂದರೆ ಆಫ್ ಮಾಡದೆ ಹುಬ್ಬಳ್ಳಿ ಬೈಪಾಸಿನ ಕಡೆ ಹೊರಡಿ, ಗೇರ್ ಸ್ವಲ್ಪ ಕೆಳಗಿಟ್ಟು ಒಂದೇ ಸಮ ಇಪ್ಪತ್ತು ನಿಮಿಷ ಓಡಿಸಿ. ಸುಡುವ ಕೆಲಸ ಅರ್ಧಕ್ಕೇ ನಿಂತರೆ, ಅದಕ್ಕೆಂದು ಹೆಚ್ಚಾಗಿ ಹಾಯಿಸಿದ ಡೀಸೆಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗೆರೆ ದಾಟಿದ್ದರೆ ಗಾಡಿ ಓಡಿಸಬೇಡಿ, ಮೊದಲು ಆಯಿಲ್ ಬದಲಿಸಿ.

ಹೀಗೆ ಓಡಿಸಿದ ಮೇಲೂ ಕೆಲವೇ ದಿನಗಳಲ್ಲಿ ಲೈಟ್ ಮರಳಿದರೆ ಅದು ನಿಮ್ಮ ತಪ್ಪಲ್ಲ. ಆಗ ಪ್ರೆಷರ್ ಸೆನ್ಸರ್, ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ನೋಡಿಸಬೇಕು. ಅದನ್ನು ವಾರಂಟಿಯಲ್ಲೇ ಕೇಳಿ. ಯಾರಾದರೂ ‘ಡಿಪಿಎಫ್ ಕಿತ್ತು ಹಾಕೋಣ ಬಿಡಿ ಮೇಡಂ, ಅಗ್ಗ ಆಗುತ್ತದೆ’ ಅಂದರೆ ಒಪ್ಪಬೇಡಿ. ಈಗ ನಿಮ್ಮ ವಾರಂಟಿ ಪೂರ್ತಿ ಚಾಲ್ತಿಯಲ್ಲಿದೆ, ಅದನ್ನು ಕಿತ್ತ ಮೇಲೆ ನೀವೂ ಮೇಲಿನ ಗದಗಿನವರ ಪ್ರಶ್ನೆಯನ್ನೇ ಕಳಿಸಬೇಕಾಗುತ್ತದೆ. ಮುಂದಿನ ಕಾರು ಪೆಟ್ರೋಲಿನದು ತಗೊಳ್ಳಿ.