ಒಂದು ಅಂಕದ ಫೈನಲ್: ಓದುಗರು ಕೇಳಿದ್ದು, ನಾವು ಹೇಳಿದ್ದು

2023ರ ಅಕ್ಟೋಬರ್ 28ರಂದು ಪ್ಯಾರಿಸ್ ಸಮೀಪದ ಸ್ಟಾಡ್ ಡ ಫ್ರಾನ್ಸ್ ಕ್ರೀಡಾಂಗಣದಲ್ಲಿ ನಡೆದ ರಗ್ಬಿ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 12–11ರಿಂದ ನ್ಯೂಜಿಲೆಂಡ್ ತಂಡವನ್ನು ಸೋಲಿಸಿತು. ನಮ್ಮಲ್ಲಿ ಆಗ ನಡುರಾತ್ರಿ ಕಳೆದಿತ್ತು. ಅದೇ ದಿನ ಧರ್ಮಶಾಲಾದಲ್ಲಿ ನ್ಯೂಜಿಲೆಂಡ್‌ನ ಕ್ರಿಕೆಟ್ ತಂಡವೂ ಆಸ್ಟ್ರೇಲಿಯಾಕ್ಕೆ ಐದು ರನ್‌ಗಳಿಂದ ಸೋತಿತ್ತೆಂಬುದನ್ನು ನೆನೆದರೆ ಆ ದೇಶದ ಅಭಿಮಾನಿಗಳ ಬಗ್ಗೆ ಯಾರಿಗಾದರೂ ಮರುಕ ಹುಟ್ಟೀತು. ಈ ಪಂದ್ಯದ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ನಾಯಕ ಸ್ಯಾಮ್ ಕೇನ್ ಅವರಿಗೆ ಕೆಂಪು ಕಾರ್ಡ್ ಸಿಕ್ಕಿದ್ದರಿಂದಲೇ ನ್ಯೂಜಿಲೆಂಡ್ ಸೋತಿತು ಎನ್ನಬಹುದೇ?
— ಓದುಗರು, ದಾವಣಗೆರೆ

ಹಾಗೆಂದು ಬಹಳ ಜನ ನಂಬಿದ್ದಾರೆ, ಆದರೆ ಅಂಕಗಳನ್ನು ಕಾಲಕ್ರಮದಲ್ಲಿ ಬರೆದುಕೊಂಡು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. 27ನೇ ನಿಮಿಷದಲ್ಲಿ ಕೇನ್ ಹೊರನಡೆದಾಗ ದಕ್ಷಿಣ ಆಫ್ರಿಕಾ ಆಗಲೇ 9–3ರಿಂದ ಮುಂದಿತ್ತು. ಅಲ್ಲಿಂದಾಚೆಗೆ ಅದು ಗಳಿಸಿದ್ದು ಒಂದೇ ಒಂದು ಪೆನಾಲ್ಟಿ, ಅಂದರೆ ಮೂರು ಅಂಕ. ಹದಿನಾಲ್ಕು ಜನರ ನ್ಯೂಜಿಲೆಂಡ್ ಗಳಿಸಿದ್ದು ಎಂಟು. ದ್ವಿತೀಯಾರ್ಧದಲ್ಲಿ ವಿಜೇತರ ಖಾತೆಗೆ ಒಂದು ಅಂಕವೂ ಸೇರಲಿಲ್ಲ. ಎರಡನೇ ನಿಮಿಷದಲ್ಲೇ ಶಾನನ್ ಫ್ರಿಜೆಲ್ ಹಳದಿ ಕಾರ್ಡ್ ಪಡೆದು ತಂಡವನ್ನು ಹತ್ತು ನಿಮಿಷ ಒಬ್ಬ ಆಟಗಾರನ ಕೊರತೆಗೆ ದೂಡಿದ್ದು ಹಾಗೂ ಮೊದಲ ಇಪ್ಪತ್ತು ನಿಮಿಷಗಳಲ್ಲಿ ದಕ್ಷಿಣ ಆಫ್ರಿಕಾದ ಹಾಂದ್ರೆ ಪೊಲಾರ್ಡ್ ಅವರಿಗೆ ಮೂರು ಪೆನಾಲ್ಟಿಗಳನ್ನು ಒದಗಿಸಿಕೊಟ್ಟದ್ದು ನನ್ನ ಲೆಕ್ಕದಲ್ಲಿ ಕೆಂಪು ಕಾರ್ಡ್‌ಗಿಂತ ದುಬಾರಿಯಾದ ತಪ್ಪುಗಳು. ಐವತ್ತಕ್ಕೂ ಹೆಚ್ಚು ನಿಮಿಷ ಒಬ್ಬ ಫಾರ್ವರ್ಡ್ (ಚೆಂಡಿಗಾಗಿ ಮುಂಚೂಣಿಯಲ್ಲಿ ತಳ್ಳಾಡುವ ಆಟಗಾರ) ಇಲ್ಲದೆ ಆಡಿದ ದಣಿವು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ ಎಂಬ ಮಾತನ್ನೂ ಒಪ್ಪುತ್ತೇನೆ.

ಕೇನ್ ಅವರಿಗೆ ಕೆಂಪು ಕಾರ್ಡ್, ದಕ್ಷಿಣ ಆಫ್ರಿಕಾದ ನಾಯಕ ಸಿಯಾ ಕೊಲಿಸಿ ಅವರಿಗೆ ಹಳದಿ ಮಾತ್ರ. ಇದು ಪಕ್ಷಪಾತವಲ್ಲವೇ?
— ಓದುಗರು, ಮಂಗಳೂರು

ಅಲ್ಲ. ಎರಡೂ ಪ್ರಸಂಗಗಳಲ್ಲಿ ರೆಫರಿ ವೇಯ್ನ್ ಬಾರ್ನ್ಸ್ ಮೊದಲು ತೋರಿಸಿದ್ದು ಹಳದಿ ಕಾರ್ಡನ್ನೇ. ಅದನ್ನು ಕೆಂಪಾಗಿಸಬೇಕೇ ಎಂಬುದನ್ನು ಮೈದಾನದ ಹೊರಗಿನ ಅಧಿಕಾರಿ ಪರದೆಯ ಮುಂದೆ ಕುಳಿತು ನಿರ್ಧರಿಸಿದರು. ಕೇನ್ ನೆಟ್ಟಗೆ ನಿಂತೇ ಜೆಸ್ಸಿ ಕ್ರೀಲ್ ಅವರ ತಲೆಗೆ ಭುಜ ತಗುಲಿಸಿದ್ದರು. ಕೊಲಿಸಿ ಅವರ ಟ್ಯಾಕಲ್‌ನಲ್ಲಿ ಆರ್ಡಿ ಸವೆಯಾ ಅವರ ತಲೆಗೆ ಪೆಟ್ಟು ಬಿದ್ದದ್ದು ನಿಜವಾದರೂ ಅಪಾಯದ ಪ್ರಮಾಣ ಅಷ್ಟಿಲ್ಲವೆಂದು ತೀರ್ಮಾನವಾಯಿತು. ನನ್ನ ಕಣ್ಣಿಗೂ ವ್ಯತ್ಯಾಸ ಕಂಡಿತು, ಆದರೆ ಅದು ಕೂದಲೆಳೆಯಷ್ಟು.

ನ್ಯೂಜಿಲೆಂಡ್‌ನ ಆರನ್ ಸ್ಮಿತ್ ಅವರ ಟ್ರೈ ರದ್ದಾದದ್ದು ಸರಿಯೇ?
— ಓದುಗರು, ಧಾರವಾಡ

ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿ ಐದು ಅಂಕ ಗಳಿಸುವುದೇ ಟ್ರೈ. ಅದಕ್ಕೆ ಮುನ್ನ ನಾಕ್-ಆನ್ ಆಗಿತ್ತೇ ಎಂದರೆ, ಆಗಿತ್ತು: ಲೈನ್‌ಔಟ್‌ನಲ್ಲಿ (ಬದಿಗೆರೆಯಾಚೆ ಹೋದ ಚೆಂಡನ್ನು ಒಳಗೆಸೆದು ಆಟ ಮುಂದುವರಿಸುವಾಗ) ಸವೆಯಾ ಅವರ ಕೈಯಿಂದ ಚೆಂಡು ಮುಂದಕ್ಕೆ ಜಾರಿತ್ತು. ಅದನ್ನು ಅಷ್ಟು ಹೊತ್ತಿನ ಮೇಲೆ ಎತ್ತಿ ತೋರಿಸುವ ಅಧಿಕಾರ ಟಿವಿ ಅಂಪೈರ್ ಟಾಮ್ ಫೋಲಿ ಅವರಿಗಿತ್ತೇ ಎಂಬುದು ಬೇರೆ ಪ್ರಶ್ನೆ. ಟ್ಯಾಕಲ್ ಆಗಿ ಚೆಂಡು ಮತ್ತೆ ಹೊರಬರುವ ಪ್ರತಿಯೊಂದು ಸುತ್ತನ್ನು ರಗ್ಬಿಯಲ್ಲಿ ಫೇಸ್ ಎನ್ನುತ್ತಾರೆ, ಮತ್ತು ಇಂಥ ತಪ್ಪನ್ನು ಹುಡುಕಲು ಎರಡು ಫೇಸ್‌ಗಳಿಗಿಂತ ಹಿಂದಕ್ಕೆ ಹೋಗಬಾರದೆಂಬುದು ಆಗಿನ ಕಟ್ಟಳೆ. ಇಲ್ಲಿ ಅದಕ್ಕಿಂತ ಹಿಂದಕ್ಕೆ ಹೋಗಲಾಯಿತು. ಹೀಗಾಗಿ ತಪ್ಪು ನಿಜ, ಅದನ್ನು ಹಿಡಿದ ವಿಧಾನ ನಿಯಮಬಾಹಿರ. ನ್ಯೂಜಿಲೆಂಡ್‌ನವರ ಸಿಟ್ಟಿಗೆ ಆಧಾರವಿದೆ. ಆದರೆ ಇದಾದ ಕೆಲವೇ ನಿಮಿಷಗಳಲ್ಲಿ, 58ನೇ ನಿಮಿಷದಲ್ಲಿ, ಬೋಡನ್ ಬ್ಯಾರೆಟ್ ಟ್ರೈ ಗಳಿಸಿದರು ಎಂಬುದನ್ನು ಮರೆಯುವಂತಿಲ್ಲ. ಆ ಟ್ರೈ ಬಂದದ್ದು ಮೂಲೆಯಲ್ಲಿ. ಚೆಂಡು ನೆಲ ಮುಟ್ಟಿದ ಜಾಗದ ನೇರದಿಂದಲೇ ಕನ್ವರ್ಷನ್ (ಟ್ರೈ ನಂತರ ಸಿಗುವ ಎರಡು ಅಂಕದ ಕಿಕ್) ಒದೆಯಬೇಕಾದ್ದರಿಂದ ರಿಚಿ ಮೊಉಂಗಾ ಅವರಿಗೆ ಸಿಕ್ಕಿದ್ದು ಅತ್ಯಂತ ಓರೆಯಾದ ಕೋನ, ಮತ್ತು ಅವರ ಕಿಕ್ ಗುರಿ ತಪ್ಪಿತು.

ಎಂಟು ಬದಲಿ ಆಟಗಾರರಲ್ಲಿ ಏಳು ಜನ ಫಾರ್ವರ್ಡ್‌ಗಳನ್ನೇ ಇಟ್ಟುಕೊಳ್ಳುವುದು ಜಾಣತನವೇ, ಜೂಜೇ?
— ಓದುಗರು, ಮೈಸೂರು

ಜೂಜೇ. ಆದರೆ ಅದನ್ನು ಆಡಿದವರಿಗೆ ತಮ್ಮ ಕೈಯಲ್ಲಿರುವ ಎಲೆಗಳು ಗೊತ್ತಿದ್ದವು. ಸ್ಕ್ರಮ್‌ನಲ್ಲಿ ತಳ್ಳಾಡಿ ಸೋತ ಕಾಲುಗಳ ಜಾಗಕ್ಕೆ ದ್ವಿತೀಯಾರ್ಧದಲ್ಲಿ ಒಂದಿಡೀ ಹೊಸ ಪಡೆಯನ್ನು ಇಳಿಸುವುದು ತರಬೇತುದಾರ ಜಾಕ್ ನೀನಾಬರ್ ಮತ್ತು ರಾಸಿ ಎರಾಸ್ಮಸ್ ಜೋಡಿಯ ಯೋಜನೆ. ಅದಕ್ಕಾಗಿ ಬೆಂಚಿನಲ್ಲಿ ಒಬ್ಬ ಬದಲಿ ಸ್ಕ್ರಮ್-ಹಾಫ್ (ಫಾರ್ವರ್ಡ್‌ಗಳಿಂದ ಚೆಂಡು ಪಡೆದು ಹಂಚುವವ) ಕೂಡ ಇಲ್ಲದ ಸ್ಥಿತಿಯನ್ನು ಅವರು ಒಪ್ಪಿಕೊಂಡರು. ಫಾಫ್ ಡಿ ಕ್ಲರ್ಕ್ ಗಾಯಗೊಂಡಿದ್ದರೆ ಆ ಜಾಗದ ಆಟಗಾರನೇ ಇರುತ್ತಿರಲಿಲ್ಲ.

ನನಗೆ ಇದಕ್ಕಿಂತ ದೊಡ್ಡ ಜೂಜಾಗಿ ಕಾಣುವುದು ಫೈನಲ್‌ಗೆ ವಾರಗಳ ಮೊದಲೇ ನಡೆದದ್ದು. ಹುಕ್ಕರ್ ಮಾಲ್ಕಮ್ ಮಾರ್ಕ್ಸ್ ಗಾಯಗೊಂಡು ಮನೆಗೆ ಮರಳಿದಾಗ ಅವರ ಜಾಗಕ್ಕೆ ಇನ್ನೊಬ್ಬ ಹುಕ್ಕರ್ ಅನ್ನು ಕರೆಸದೆ, ಮೊದಲ ತಂಡದಲ್ಲಿ ಹೆಸರೇ ಇಲ್ಲದಿದ್ದ ಪೊಲಾರ್ಡ್ ಅವರನ್ನು ಕರೆಸಿದರು. ಲೈನ್‌ಔಟ್‌ಗೆ ಚೆಂಡು ಎಸೆಯುವವನ ಬದಲಿಗೆ ಪೆನಾಲ್ಟಿ ಒದೆಯುವವನು ಬಂದ ಹಾಗಾಯಿತು. ಫೈನಲ್‌ನಲ್ಲಿ ಈ ಕೊಡುಕೊಳ್ಳುವಿಕೆಯ ಎರಡೂ ಮುಖಗಳು ಕಂಡವು. ಫ್ರಿಜೆಲ್ ಕಾಲಿನ ಮೇಲೆ ಬಿದ್ದುದರಿಂದ ಏಕೈಕ ಪರಿಣತ ಹುಕ್ಕರ್ ಬೊಂಗಿ ಎಂಬೊನಾಂಬಿ ಆರಂಭದಲ್ಲೇ ಹೊರಬಿದ್ದರು. ಹಿಂದೊಮ್ಮೆ ಹುಕ್ಕರ್ ಆಗಿದ್ದು ಬಹುಕಾಲದಿಂದ ಫ್ಲ್ಯಾಂಕರ್ ಎಂಬ ಬೇರೆ ಸ್ಥಾನದಲ್ಲಿ ಆಡುತ್ತಿದ್ದ, 37 ವರ್ಷದ ಡಿಯಾನ್ ಫೂರಿ ಉಳಿದ ಪಂದ್ಯವನ್ನೆಲ್ಲ ಹೊರಬೇಕಾಯಿತು, ಲೈನ್‌ಔಟ್ ತತ್ತರಿಸಿತು. ಅತ್ತ ತಂಡದ ಹನ್ನೆರಡಕ್ಕೆ ಹನ್ನೆರಡು ಅಂಕವೂ ಪೊಲಾರ್ಡ್ ಕಾಲಿನಿಂದಲೇ ಬಂದವು. ಪಂದ್ಯದ ನಿರ್ಣಾಯಕ ಗಳಿಗೆ ಯಾವುದೆಂದು ಕೇಳಿದರೆ ನಾನು ಪೊಲಾರ್ಡ್‌ಗೆ ಕರೆ ಹೋದ ಆ ಗಳಿಗೆಯನ್ನೇ ತೋರಿಸುತ್ತೇನೆ. ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನು 16–15ರಿಂದ ಮಣಿಸಿದ ಕೊನೆಗಾಲದ ಪೆನಾಲ್ಟಿಯೂ ಅವರದೇ ಆಗಿತ್ತು.

ಆ ಹನ್ನೆರಡು ಅಂಕಗಳನ್ನು ಕಾಯ್ದವರಲ್ಲಿ ಪೀಟರ್ ಸ್ಟೆಫ್ ಡು ಟಾಯ್ ಮೊದಲಿಗರು. ಅವರೊಬ್ಬರೇ 28 ಟ್ಯಾಕಲ್ ಮಾಡಿ ಪಂದ್ಯಶ್ರೇಷ್ಠರಾದರು.

ಕೊನೆಯ ಪೆನಾಲ್ಟಿಯನ್ನು ಮೊಉಂಗಾ ಬದಲು ಜೋರ್ಡಿ ಬ್ಯಾರೆಟ್ ಒದ್ದದ್ದೇಕೆ?
— ಓದುಗರು, ಶಿವಮೊಗ್ಗ

ದೂರದ ಕಾರಣಕ್ಕೆ. ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೊಲ್ಬಿ ಉದ್ದೇಶಪೂರ್ವಕವಾಗಿ ಚೆಂಡನ್ನು ತಟ್ಟಿದ್ದಕ್ಕೆ 73ನೇ ನಿಮಿಷದಲ್ಲಿ ಸಿಕ್ಕ ಆ ಪೆನಾಲ್ಟಿ ಸುಮಾರು 50 ಮೀಟರ್ ದೂರದ್ದು, ಮತ್ತು ಅಷ್ಟು ದೂರ ಒದೆಯುವ ಬಲವಿದ್ದವರು ಜೋರ್ಡಿ. ಆಯ್ಕೆಯಲ್ಲಿ ತಪ್ಪಿರಲಿಲ್ಲ, ಕಿಕ್ ಮಾತ್ರ ಕಂಬಗಳ ನಡುವೆ ಹೋಗಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್‌ನ ಕನ್ವರ್ಷನ್ ಕಿಕ್‌ಗೆ ಓಡಿಬಂದು ಅಡ್ಡಬಿದ್ದು ತಂಡವನ್ನು 29–28ರಿಂದ ಪಾರುಮಾಡಿದ್ದ ಕೊಲ್ಬಿ, ಹಳದಿ ಕಾರ್ಡ್ ಪಡೆದು ಹೊರಗೆ ಕುಳಿತ ಆ ಕೊನೆಯ ನಿಮಿಷಗಳಲ್ಲಿ ಆಟ ನೋಡಲಾಗದೆ ಜೆರ್ಸಿಯಿಂದ ಮುಖ ಮುಚ್ಚಿಕೊಂಡಿದ್ದರು.