ಆ ‘ಯಾರೋ ಪುಣ್ಯಾತ್ಮ’ರಿಗೂ ಹೆಸರಿದೆ

ನಮಸ್ಕಾರ.

ನಿಮ್ಮ ‘ಟೀವಿ ಹಾಡಿದ ಬಾಲ್ಯ’ ಲೇಖನ ಬಂದು ತಿಂಗಳ ಮೇಲಾಯಿತು. ವಾಪಸ್ ಕಳಿಸುವ ಲೇಖನಕ್ಕೆ ಸಾಮಾನ್ಯವಾಗಿ ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತೇನೆ. ನಿಮ್ಮದಕ್ಕೆ ಹಾಗೆ ಮಾಡಲು ಆಗಲಿಲ್ಲ. ಓದುತ್ತಾ ಓದುತ್ತಾ ಸಿಟ್ಟು ಬಂತು. ಆರನೇ ಪುಟಕ್ಕೆ ಬಂದಾಗ ಸಿಟ್ಟು ಇನ್ನೂ ಜಾಸ್ತಿಯಾಯಿತು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಇದನ್ನು ಬೇರೆಯವರೂ ಓದಲಿ ಅಂತ ಈ ಅಂಕಣದಲ್ಲೇ ಹಾಕುತ್ತಿದ್ದೇನೆ. ಹೆಸರು ಬಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲೇಖನ ಓದಿರದವರಿಗೆ ಎರಡು ಮಾತು. ಇವರು ಚಿಕ್ಕವರಿದ್ದಾಗ ಕೇಳಿದ ದೂರದರ್ಶನದ ಕಾರ್ಯಕ್ರಮಗಳ ಶೀರ್ಷಿಕೆ ಸಂಗೀತದ ಬಗ್ಗೆ ಬರೆದಿದ್ದಾರೆ. ಮಾಲ್ಗುಡಿ ಡೇಸ್, ಮಹಾಭಾರತ, ಸುರಭಿ, ಗುಡ್ಡದ ಭೂತ, ಜಂಗಲ್ ಬುಕ್ ಎಲ್ಲಕ್ಕೂ ಒಂದೊಂದು ಪುಟದ ಲೆಕ್ಕ. ಇವರ ಮನೆಯಲ್ಲಿ ಟೀವಿ ಇರಲಿಲ್ಲ, ಎದುರು ಮನೆಯಲ್ಲಿತ್ತು. ಸಂಗೀತ ಶುರುವಾದ ಕೂಡಲೇ ಬೀದಿ ದಾಟಿ ಓಡುತ್ತಿದ್ದರು.

ಭಾಷೆ ಚೆನ್ನಾಗಿದೆ. ವಾಕ್ಯಗಳು ಚಿಕ್ಕದಾಗಿ ಚೊಕ್ಕವಾಗಿವೆ. ವಿಷಯವೂ ಒಳ್ಳೆಯದೇ. ಕಾಗುಣಿತ ನಾವು ನೋಡಿಕೊಳ್ಳುತ್ತೇವೆ. ಹೊಗಳಿದ್ದು ಸಾಕಲ್ವಾ? ಈಗ ಕೆಲಸಕ್ಕೆ ಬರೋಣ.

ನಿಮ್ಮ ಮೊದಲ ಸಾಲು: “ದೂರದಿಂದ ಆ ಸುಮಧುರ ನಾದ ತೇಲಿ ಬಂದಾಗ ಮನಸ್ಸು ರೆಕ್ಕೆ ಬಿಚ್ಚಿ ಹಾರುತ್ತಿತ್ತು.”

ಎಷ್ಟು ದೂರದಿಂದ? ಎದುರು ಮನೆ ಅಂದರೆ ಹತ್ತಿಪ್ಪತ್ತು ಮಾರು. ನಡುವೆ ಬೀದಿ. ಬೀದಿಯಲ್ಲಿ ಸೈಕಲ್ಲು, ಕೊಳಾಯಿ ಹತ್ತಿರ ಕೊಡದ ಸದ್ದು, ನಾಯಿ. ಇಷ್ಟನ್ನೂ ದಾಟಿ ನಿಮ್ಮ ಕಿವಿಗೆ ಬಂದದ್ದು ಏನು? ಆ ಕಾಲದ ಸಾಲಿಡೇರ್, ಡಯನೋರಾ ಟೀವಿಗಳ ಸ್ಪೀಕರ್ ಅಂಗೈಯಗಲ ಇರುತ್ತಿತ್ತು. ಅಷ್ಟು ಚಿಕ್ಕ ಸ್ಪೀಕರಿನಿಂದ ತಬಲಾದ ಎಡದ ಗುಮುಕು ಬೀದಿಗೆ ಬರುವುದಿಲ್ಲ. ಏರುದನಿ ಬರುತ್ತದೆ. ಕೊಳಲು, ಶಹನಾಯಿ, ಮನುಷ್ಯರ ಗಂಟಲು ಬರುತ್ತವೆ. ಮಾಲ್ಗುಡಿ ಡೇಸ್ ಅಂದರೆ ಇವತ್ತಿಗೂ ಜನ ಬಾಯಲ್ಲಿ “ತಾನಾ ನಾ ತನನಾನ ನಾ” ಅಂತ ಶುರುಮಾಡುತ್ತಾರೆ, ಕೊಳಲನ್ನಾಗಲಿ ತಂತಿವಾದ್ಯವನ್ನಾಗಲಿ ಅನುಕರಣೆ ಮಾಡುವುದಿಲ್ಲ. ಬೀದಿಯವರೆಗೂ ಬಂದದ್ದು ಆ ಗಂಟಲು. ಇಷ್ಟನ್ನು ನೀವೇ ಬರೆಯಬಹುದಿತ್ತು. ಯಾಕೆಂದರೆ ನೀವು ನಿಂತಿದ್ದ ಜಾಗ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ.

ಮುಂದಿನ ಪುಟ: “ಮಹಾಭಾರತದ ಗೀತೆಯೂ ಅಷ್ಟೇ ಸುಮಧುರ.”

ಮಾರಾಯರೇ, ಮಹೇಂದ್ರ ಕಪೂರ್ ಆ ಹಾಡನ್ನು ಸುಮಧುರವಾಗಿ ಹಾಡಿದ್ದಾರಾ? ಇನ್ನೊಂದು ಸಲ ಕೇಳಿ. ಗಂಟಲು ಪೂರ್ತಿ ಬಿಟ್ಟು, ಊರಿಗೆಲ್ಲ ಸಾರುವವರ ಥರ ಹಾಡಿದ್ದಾರೆ. ನಡುವೆ “ಯದಾ ಯದಾ ಹಿ ಧರ್ಮಸ್ಯ” ಶ್ಲೋಕ ಬರುತ್ತದೆ. ಅದಾದ ಮೇಲೆ ಹರೀಶ್ ಭಿಮಾನಿಯವರ ದನಿಯಲ್ಲಿ ಕಾಲಪುರುಷ ಮಾತು ಶುರುಮಾಡುತ್ತಾನೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಕೂತವರೂ ಮಾಡದೆ ಕೂತವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುವಂಥ ಹಾಡು ಅದು. ಸುಮಧುರ ಅಂದುಬಿಟ್ಟರೆ ಅದರ ಜೀವವೇ ಹೋಯಿತು.

ಇನ್ನೊಂದು: “ಗುಡ್ಡದ ಭೂತದ ಇಂಪಾದ ಶೀರ್ಷಿಕೆ ಗೀತೆಯನ್ನು ಮರೆಯಲುಂಟೇ?”

ಇಂಪಾದ! ಸದಾನಂದ ಸುವರ್ಣರ ಆ ಧಾರಾವಾಹಿ 1990ರ ಹೊತ್ತಿಗೆ ಬಂದಾಗ ಎಷ್ಟು ಮಕ್ಕಳು ರಾತ್ರಿ ಹಿತ್ತಲಿಗೆ ಹೋಗುವುದಿಲ್ಲ ಅಂತ ಹಟ ಹಿಡಿದಿದ್ದರು ಅಂತ ಕರಾವಳಿಯ ಯಾರನ್ನಾದರೂ ಕೇಳಿ. ಬಿ.ಆರ್. ಛಾಯಾ ಹಾಡಿದ “ಡೆನ್ನಾನ ಡೆನ್ನಾನ” ಕೇಳಿದರೆ ಮೈ ಜುಮ್ ಅನ್ನುತ್ತಿತ್ತು. ತುಳುನಾಡಿನಲ್ಲಿ ನಾಟಿ ಮಾಡುವ ಹೆಂಗಸರ ಹಾಡಿನಲ್ಲೂ ಈ ಡೆನ್ನಾನ ಬರುತ್ತದೆ. ಹಗಲು ಗದ್ದೆಯಲ್ಲಿ ಕೇಳಿದ್ದೇ ರಾತ್ರಿ ಟೀವಿಯಲ್ಲಿ ಹೆದರಿಸುತ್ತಿತ್ತು. ಇದು ಹೇಗೆ ಅಂತ ಒಂದು ಪುಟ ಬರೆಯಬಹುದು. ನೀವು ಅದನ್ನು ‘ಇಂಪಾದ’ ಅಂತ ಹೇಳಿ ಮುಂದಿನ ಪ್ಯಾರಾಕ್ಕೆ ಹೋದಿರಿ. ತಮಾಷೆ ಅಂದರೆ ಅದೇ ಪ್ಯಾರಾದ ಕೊನೆಯಲ್ಲಿ “ತಂಗಿ ಎದುರುಮನೆ ಅತ್ತೆಯ ಸೆರಗು ಮುಖಕ್ಕೆ ಎಳೆದುಕೊಂಡು ಬೆರಳ ಸಂದಿಯಲ್ಲಿ ನೋಡುತ್ತಿದ್ದಳು” ಅಂತ ಬರೆದಿದ್ದೀರಿ. ಇಂಪಾದ ಹಾಡಿಗೆ ಆ ಹುಡುಗಿ ಯಾಕೆ ಮುಖ ಮುಚ್ಚಿಕೊಂಡಳು? ನಿಮ್ಮ ತಂಗಿ ನಿಮಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದಾಳೆ.

‘ಸುಮಧುರ’ ನಿಮ್ಮ ಲೇಖನದಲ್ಲಿ 11 ಸಲ ಬಂದಿದೆ. ಇಡ್ಲಿಗೂ ಅದೇ ಚಟ್ನಿ, ಜಿಲೇಬಿಗೂ ಅದೇ ಚಟ್ನಿ ಬಡಿಸಿದ್ದೀರಿ.

ಇದು ನನಗೆ ಇಷ್ಟೊಂದು ಚುಚ್ಚುವುದಕ್ಕೆ ಕಾರಣ ಇದೆ. ನಾನು ಕೆಲಸ ಕಲಿತದ್ದು ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ. ಹೊಸಬನಾದ್ದರಿಂದ ಸಂಗೀತ ಕಛೇರಿಯ ವರದಿಗಳನ್ನು ಕತ್ತರಿಸಿ ಜಾಗಕ್ಕೆ ಕೂರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರಾಮನವಮಿ ಬಂತೆಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ಕಛೇರಿಗಳ ವರದಿ ರಾಶಿ ಬೀಳುತ್ತಿತ್ತು. ಎಲ್ಲದರಲ್ಲೂ ಗಾಯನ ‘ರಂಜಿಸಿತು’, ತಾಳವಾದ್ಯದವರ ತನಿ ಆವರ್ತನ ‘ಮನಸೂರೆಗೊಂಡಿತು’. ನಮ್ಮ ಹಿರಿಯ ಉಪಸಂಪಾದಕರು ಅಂಥ ಪುಟ ಕಂಡರೆ ಕನ್ನಡಕ ಹಣೆಗೇರಿಸಿ ವರದಿಗಾರರನ್ನೇ ಕರೆಸುತ್ತಿದ್ದರು. ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. “ನೀವು ಎಲ್ಲಿ ಕೂತಿದ್ರಿ?” ಆಮೇಲೆ, “ಘಟ ಯಾರು?” ಮುಖ್ಯ ಗಾಯಕರ ಹೆಸರು ಎಲ್ಲರೂ ಬರೆದಿರುತ್ತಿದ್ದರು, ಪಿಟೀಲು ಮೃದಂಗದವರ ಹೆಸರೂ ಇರುತ್ತಿತ್ತು. ಘಟದವರ ಹೆಸರು ಬಿಟ್ಟುಹೋಗಿರುತ್ತಿತ್ತು. ಅವರ ಹೆಸರು ಸಿಗುವ ತನಕ ವರದಿ ಅಚ್ಚಿಗೆ ಹೋಗುತ್ತಿರಲಿಲ್ಲ. ಪುಟ ತಡವಾದರೂ ಚಿಂತೆಯಿಲ್ಲ. ಪ್ರೆಸ್ಸಿನವರು ಬಾಗಿಲಲ್ಲಿ ನಿಂತು ಬೈದರೂ ಚಿಂತೆಯಿಲ್ಲ.

ಅವರು ಒಂದು ಕಾಗದವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಘಟ್ಟದ ಮೇಲಿನ ಒಬ್ಬ ಮೇಷ್ಟ್ರು ಬರೆದದ್ದು. ರಾತ್ರಿ ಬಯಲಾಟಕ್ಕೆ ನಡೆದುಕೊಂಡು ಹೋದದ್ದರ ಬಗ್ಗೆ. ಗುಡ್ಡದ ಈಚೆ ಬದಿ ಇರುವಾಗ ಬರೀ ಚೆಂಡೆ ಕೇಳುತ್ತದೆ. ಆಟ ಯಾವುದು, ಪದ ಯಾವುದು ಒಂದೂ ತಿಳಿಯುವುದಿಲ್ಲ. ಅಡಿಕೆ ತೋಟ ದಾಟಿದ ಮೇಲೆ ಚೆಂಡೆಯ ಸಂದಿನಲ್ಲಿ ಮದ್ದಳೆ ಸೇರಿಕೊಳ್ಳುತ್ತದೆ. ಗದ್ದೆಯ ಅಂಚಿಗೆ ಬಂದಾಗ ತಾಳ, ಭಾಗವತರ ದನಿ. ಆಗ ಗೊತ್ತಾಗುತ್ತದೆ, ಅಯ್ಯೋ, ಅರ್ಧ ಪ್ರಸಂಗ ಆಗಿಹೋಯಿತು ಅಂತ. ಇಷ್ಟೇ ಕಾಗದ. ಅದರಲ್ಲಿ ಒಂದೇ ಒಂದು ಹೊಗಳಿಕೆಯ ಮಾತಿರಲಿಲ್ಲ. ಚಹಾ ತರಲು ಎದ್ದಾಗಲೆಲ್ಲ ನಾನು ಆ ಗಾಜಿನ ಮೇಲೆ ಬಗ್ಗಿ ಓದುತ್ತಿದ್ದೆ. ಅಕ್ಷರ ದುಂಡಗೆ, ಮೇಷ್ಟ್ರ ಅಕ್ಷರ.

ಈಗ ನಿಮ್ಮ ಎರಡನೇ ತಪ್ಪು. ಇದಕ್ಕೆ ಮೊದಲನೆಯದಕ್ಕಿಂತ ಜಾಸ್ತಿ ಉರಿದಿದ್ದೇನೆ. ಮಾಲ್ಗುಡಿಯ ಪ್ಯಾರಾದಲ್ಲಿ ಬರೆದಿದ್ದೀರಿ: “ಶಂಕರನಾಗ್ ಅವರ ಆ ಸಂಗೀತ ಅಜರಾಮರ.” ಸುರಭಿಯ ಪ್ಯಾರಾದಲ್ಲಿ: “ಯಾರೋ ಪುಣ್ಯಾತ್ಮರು ಸಂಯೋಜಿಸಿದ ಆ ರಾಗಕ್ಕೆ ಕೋಟಿ ನಮನ.”

ಶಂಕರನಾಗ್ ನಿರ್ದೇಶಕರು. ಆಗುಂಬೆಯನ್ನು ಮಾಲ್ಗುಡಿ ಮಾಡಿದವರು ಅವರು. ಸಂಗೀತ ಎಲ್. ವೈದ್ಯನಾಥನ್ ಅವರದು. ಈ ಹೆಸರು ಕನ್ನಡದವರಿಗೆ ಹೊಸದೇನಲ್ಲ. 1978ರ ‘ಅಪರಿಚಿತ’ದ “ಸವಿನೆನಪುಗಳು ಬೇಕು” ಯಾರಿಗೆ ಗೊತ್ತಿಲ್ಲ? ಅದರ ಸಂಗೀತವೂ ಇವರದೇ. ‘ಪುಷ್ಪಕ ವಿಮಾನ’ದಲ್ಲಿ ಒಂದೂ ಸಂಭಾಷಣೆ ಇಲ್ಲ. ಆ ಚಿತ್ರದ ಸಂಗೀತವೂ ಇವರದು. ಮಾತಿಲ್ಲದ ಕಡೆ ಸಂಗೀತ ಎಷ್ಟು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಅಂತ ಇವರಿಗೆ ಗೊತ್ತಿತ್ತು. ಮಾಲ್ಗುಡಿಯನ್ನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ತೆಗೆದರು. ನಮ್ಮ ಹಳ್ಳಿಗಳಲ್ಲಿ ಅದನ್ನು ನೋಡಿದ ಅರ್ಧ ಜನಕ್ಕೆ ಎರಡೂ ಬರುತ್ತಿರಲಿಲ್ಲ. ಅದರಲ್ಲಿನ ಹುಡುಗ ಸ್ವಾಮಿ ತನ್ನ ಅಪ್ಪನಿಗೆ ಏನು ಹೇಳಿದ ಅಂತ ಪಕ್ಕದವರನ್ನು ಕೇಳಬೇಕಿತ್ತು. “ತಾನಾ ನಾ” ಯಾರನ್ನೂ ಕೇಳಬೇಕಾಗಿರಲಿಲ್ಲ.

ಇನ್ನು ನಿಮ್ಮ ಸುರಭಿಯ ‘ಯಾರೋ ಪುಣ್ಯಾತ್ಮರು’. ಅವರು ಎಲ್. ಸುಬ್ರಹ್ಮಣ್ಯಂ. ಪಿಟೀಲಿನಲ್ಲಿ ದೇಶವಿದೇಶ ಸುತ್ತಿದವರು. ವೈದ್ಯನಾಥನ್ ಅವರ ತಮ್ಮ! ಮೂರನೆಯವರು ಎಲ್. ಶಂಕರ್, ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಜೊತೆ ‘ಶಕ್ತಿ’ ತಂಡದಲ್ಲಿ ಪಿಟೀಲು ನುಡಿಸಿದವರು. ಅಪ್ಪ ವಿ. ಲಕ್ಷ್ಮೀನಾರಾಯಣ ಅವರೂ ಪಿಟೀಲು ವಿದ್ವಾಂಸರು. ನಿಮ್ಮ ಬಾಲ್ಯದ ಎರಡು ರಾಗಗಳು ಒಂದೇ ಮನೆಯಿಂದ ಬಂದಿವೆ, ಒಂದು ಅಣ್ಣನದು, ಒಂದು ತಮ್ಮನದು. ಎರಡು ಪ್ಯಾರಾಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಈ ಸಂಗತಿ ನಿಮಗೆ ಕಾಣಲಿಲ್ಲ. ಹುಡುಕಿದ್ದರೆ ಐದು ನಿಮಿಷದ ಕೆಲಸ. ಕೋಟಿ ನಮನ ಹೇಳುವ ಬದಲು ಒಂದು ಸಲ ಹೆಸರು ಬರೆದಿದ್ದರೆ ಸಾಕಿತ್ತು.

ಜಂಗಲ್ ಬುಕ್ ಹಾಡು ಗುಲ್ಜಾರ್ ಬರೆದದ್ದು, ಸಂಗೀತ ವಿಶಾಲ್ ಭಾರದ್ವಾಜ್. ಅದನ್ನೂ ಸೇರಿಸಿಕೊಳ್ಳಿ. ಮಹಾಭಾರತದ ಸಂಗೀತ ರಾಜ್ ಕಮಲ್.

ಈಗ ಆರನೇ ಪುಟ. ಅಲ್ಲಿ ನೀವು ಮಾಲ್ಗುಡಿಯ ಬಗ್ಗೆ ಆವರಣದೊಳಗೆ ಒಂದು ಮಾತು ಹಾಕಿದ್ದೀರಿ: “(ಆರ್.ಕೆ. ಲಕ್ಷ್ಮಣ್ ಬಿಡಿಸಿದ ಶೀರ್ಷಿಕೆ ಚಿತ್ರಗಳನ್ನು ನಾನು ನೋಡಿದ್ದು ದೊಡ್ಡವನಾದ ಮೇಲೆ, ಯೂಟ್ಯೂಬಿನಲ್ಲಿ. ಆಗೆಲ್ಲ ನಾನು ಬೀದಿ ದಾಟಿ ಹೋಗುವಷ್ಟರಲ್ಲಿ ಅವು ಮುಗಿದಿರುತ್ತಿದ್ದವು.)”

ಇದನ್ನು ಆವರಣದಲ್ಲಿ ಬಚ್ಚಿಟ್ಟಿದ್ದೀರಲ್ಲ!

ಸ್ವಲ್ಪ ಯೋಚಿಸಿ. ಶೀರ್ಷಿಕೆ ಸಂಗೀತ ಬರುವುದೇ ಹೆಸರುಗಳು ಬರುವಾಗ. ಟೀವಿ ಇದ್ದ ಮನೆಯ ಮಕ್ಕಳು ಕೂತಲ್ಲೇ ಕೂತು ಚಿತ್ರವನ್ನೂ ಹೆಸರುಗಳನ್ನೂ ನೋಡುತ್ತಿದ್ದರು. ಸಂಗೀತ ಅವರಿಗೆ ಹಿನ್ನೆಲೆಯಲ್ಲಿ ಕೇಳುತ್ತಿತ್ತು. ನಿಮಗೆ ಅದು ಕರೆಗಂಟೆ. ಕೇಳಿಸಿತು, ಓಡಿದಿರಿ, ಚಪ್ಪಲಿ ಹುಡುಕಿದಿರೋ ಬಿಟ್ಟಿರೋ, ಅವರ ಮನೆ ಗೇಟಿನ ಚಿಲಕ ತೆಗೆದಿರಿ. ಒಳಗೆ ಬಂದು ಬಾಗಿಲ ಹತ್ತಿರ ಜಾಗ ಹಿಡಿಯುವಷ್ಟರಲ್ಲಿ ಸಂಗೀತವೂ ಮುಗಿಯಿತು, ಹೆಸರೂ ಹೋಯಿತು. ಒಂದೊಂದು ವಾರವೂ ಹೀಗೇ. ಆ ರಾಗವನ್ನು ನೀವು ಪೂರ್ತಿ ಕೇಳಿದ್ದೀರಿ, ಆದರೆ ಕೂತುಕೊಂಡು ಒಮ್ಮೆಯೂ ಕೇಳಿಲ್ಲ. ವೈದ್ಯನಾಥನ್ ಹೆಸರು ನಿಮಗೆ ತಪ್ಪಿಹೋದದ್ದು ಈ ಓಟದಲ್ಲಿ! ಹುಡುಗನಾಗಿದ್ದಾಗ ಹೆಸರು ತಪ್ಪಿದ್ದರಲ್ಲಿ ತಪ್ಪೇನಿಲ್ಲ. ಲೇಖನ ಬರೆಯಲು ಕೂತಾಗಲೂ ಅದನ್ನು ಹಾಗೇ ಬಿಟ್ಟಿರಲ್ಲ, ನನ್ನ ಜಗಳ ಅಷ್ಟಕ್ಕೆ ಮಾತ್ರ.

ಇದು ಬೇರೆ ಯಾರ ಲೇಖನದಲ್ಲೂ ಇಲ್ಲ. ಟೀವಿ ನೆನಪು ಅಂತ ನನಗೆ ಬರುವ ಲೇಖನಗಳಲ್ಲೆಲ್ಲ ಅಣ್ಣನೊಬ್ಬ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿರುತ್ತಾನೆ, ಕೆಳಗಿನಿಂದ ಯಾರೋ “ಬಂತು, ಬಂತು, ಹೋಯ್ತು” ಅನ್ನುತ್ತಿರುತ್ತಾರೆ. ನಿಮ್ಮದರಲ್ಲೂ ಇದ್ದಾನೆ, ನಾಲ್ಕನೇ ಪುಟದಲ್ಲಿ. ದಯವಿಟ್ಟು ಅವನನ್ನು ಕೆಳಗಿಳಿಸಿ. ಅದು ನಿಮ್ಮ ಮನೆಯ ಆಂಟೆನಾನೂ ಅಲ್ಲ.

ಮತ್ತೆ ಬರೆಯುವಿರಾದರೆ ಮಾಲ್ಗುಡಿ ಒಂದನ್ನೇ ಇಟ್ಟುಕೊಳ್ಳಿ. ಬೇಕಾದರೆ ತಂಗಿಗೋಸ್ಕರ ಗುಡ್ಡದ ಭೂತ ಇರಲಿ. ಆಕೆಗೆ ಫೋನ್ ಮಾಡಿ, ಆ ಹಾಡಿನ ಯಾವ ಜಾಗದಲ್ಲಿ ಸೆರಗು ಎಳೆದುಕೊಳ್ಳುತ್ತಿದ್ದೆ ಅಂತ ಕೇಳಿ. ಖಂಡಿತ ನೆನಪಿರುತ್ತದೆ. ಎದುರು ಮನೆಯವರು ಗೇಟು ತೆಗೆದಿಡುತ್ತಿದ್ದರಾ, ಇಲ್ಲ ಒಮ್ಮೊಮ್ಮೆ ಚಿಲಕ ಹಾಕಿರುತ್ತಿದ್ದರಾ ಅನ್ನುವುದನ್ನೂ ಬರೆಯಿರಿ. ನಿಮ್ಮ ಲೇಖನದಲ್ಲಿ ಅವರು ತುಂಬ ಒಳ್ಳೆಯವರಾಗಿದ್ದಾರೆ, ನನಗೆ ಅನುಮಾನ. ಮಹಾಭಾರತ, ಜಂಗಲ್ ಬುಕ್ ಬಿಟ್ಟರೂ ನಡೆಯುತ್ತದೆ. ಸುರಭಿ ಅಣ್ಣ–ತಮ್ಮನ ಒಂದು ಸಾಲಿಗೆ ಸಾಕು.

ಎಂಟು ಪುಟ ಬೇಡ, ಮೂರು ಸಾಕು. ವಿಶೇಷಾಂಕ ತುಂಬಿಹೋಗಿದೆ, ದೀಪಾವಳಿ ಕಳೆದ ಮೇಲೆ ಕಳಿಸಿ. ಹೋದ ಸಲ ಹಳೇ ‘ನುಡಿ’ ಫಾಂಟಿನ ಫೈಲ್ ಕಳಿಸಿದ್ದಿರಿ, ತೆರೆದರೆ ಅರ್ಧ ಒತ್ತಕ್ಷರ ಚೌಕಾಕಾರದ ಡಬ್ಬಿಗಳಾಗಿದ್ದವು. ಈ ಸಲ ಯೂನಿಕೋಡಿನಲ್ಲಿ ಇರಲಿ. ಜೊತೆಗೆ ನಿಮ್ಮ ಫೋಟೊ ಬೇಡ, ಆ ಬೀದಿಯದ್ದು ಇದ್ದರೆ ಕಳಿಸಿ.